ಕೋಳಿ ಕೇಳಿ ಮೇವು

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿದ್ದೀರಿ ಎನ್ನುವುದು ಬೀದಿಗೆ ಗೊತ್ತಾದರೆ ಸಾಕು, ಬಾಣಂತಿ ಇರುವ ಮನೆಗೆ ಬರುವ ಹಾಗೆ ಸಲಹೆಗಳು ಬರತೊಡಗುತ್ತವೆ. ರಾಗಿ ಹಾಕಿ, ಮೊಟ್ಟೆ ಗಟ್ಟಿಯಾಗುತ್ತೆ ಎನ್ನುವವರು ಒಬ್ಬರು. ರಾಗಿ ಯಾವ ಮೂಲೆಗೆ, ಜೋಳದ ನುಚ್ಚು ಹಾಕಿ ಎನ್ನುವವರು ಇನ್ನೊಬ್ಬರು. ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು, ಮಜ್ಜಿಗೆ, ಒಣಮೀನಿನ ಪುಡಿ, ಸುಣ್ಣದ ತಿಳಿ, ಒಂದೊಂದರ ಪರವಾಗಿಯೂ ವಾದ ಮಾಡಲು ಒಬ್ಬೊಬ್ಬರು ಸಿದ್ಧ. ವೀಡಿಯೊ ಕಳಿಸುವವರ ಲೆಕ್ಕ ಬೇರೆ. ಗೇಟಿನ ಹತ್ತಿರ ಇಷ್ಟೆಲ್ಲ ಚರ್ಚೆ ನಡೆಯುತ್ತಿರುವಾಗ ಚರ್ಚೆಗೆ ಕಾರಣವಾದ ಹ್ಯಾಟೆ ಅಲ್ಲೇ ತಿಪ್ಪೆ ಕೆದಕಿ, ಜಿರಲೆಯೊಂದನ್ನು ಎಳೆದು, ಮೀಸೆಯನ್ನೂ ಬಿಡದೆ ನುಂಗಿ, ಕೊಕ್ಕನ್ನು ಕಲ್ಲಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿಕೊಂಡು ಮುಂದೆ ಹೋಗಿರುತ್ತದೆ.

ಕೋಳಿ ಕೇಳಿ ಮಸಾಲೆ ಅರೀತಾರಾ ಎಂದು ನಮ್ಮಲ್ಲಿ ದೊಡ್ಡವರು ದರ್ಪದಿಂದ ಹೇಳುವುದುಂಟು. ಮಸಾಲೆಯ ಮಟ್ಟಿಗೆ ಸರಿ. ಮೇವಿನ ಮಟ್ಟಿಗೆ ಮಾತ್ರ ಕೋಳಿಯನ್ನು ಕೇಳುವುದೇ ಒಳ್ಳೆಯದು ಎಂಬ ನಿಲುವಿಗೆ ನಾನು ಬಂದಿದ್ದೇನೆ. ಎಲ್ಲವನ್ನೂ ಅಲ್ಲ. ಕೆಲವು ವಿಷಯ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು, ಕೆಲವು ಏನೇನೂ ಗೊತ್ತಿಲ್ಲ. ಯಾವುದನ್ನು ಕೇಳಬೇಕು, ಯಾವುದನ್ನು ಕೇಳದೆ ನಾವೇ ತೀರ್ಮಾನಿಸಬೇಕು ಎನ್ನುವುದರಲ್ಲೇ ಕೋಳಿ ಸಾಕುವವನ ಜಾಣತನವೆಲ್ಲ ಇದೆ. ಅಂದಹಾಗೆ, ಖಾರದ ವಿಷಯ ಕೇಳಿದರೂ ಅದು ಏನೂ ಹೇಳಲಾರದು. ಮೆಣಸಿನಕಾಯಿಯ ಉರಿ ಹಕ್ಕಿಗಳ ಬಾಯಿಗೆ ತಿಳಿಯುವುದೇ ಇಲ್ಲ. ಒಣಗಲು ಹಾಕಿದ ಬ್ಯಾಡಗಿಯನ್ನೂ ಗುಂಟೂರನ್ನೂ ನಮ್ಮ ಕೋಳಿಗಳು ಒಂದೇ ಶ್ರದ್ಧೆಯಿಂದ ಕುಕ್ಕಿ ಬೀಜ ತಿನ್ನುತ್ತವೆ.

ಫೀಡ್ ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ ಒಂದೇ: "ಮೊಟ್ಟೆಗೋ, ಮಾಂಸಕ್ಕೋ?" ಸುಮ್ಮನೆ ಪ್ರೀತಿಗೆ ಸಾಕಿದ್ದೇನೆ ಎನ್ನುವ ಗಿರಾಕಿಗೆ ಅಲ್ಲಿ ಚೀಲವಿಲ್ಲ. ಬಾಯಿ ಬಿಚ್ಚಿದ ಚೀಲಗಳು ಸಾಲಾಗಿ ನಿಂತಿರುತ್ತವೆ. ಮರಿಗಳಿಗೆ ಚಿಕ್ ಸ್ಟಾರ್ಟರ್, ಬೆಳೆಯುವ ವಯಸ್ಸಿಗೆ ಗ್ರೋವರ್, ಮೊಟ್ಟೆ ಶುರುವಾದ ಮೇಲೆ ಲೇಯರ್. ಆ ಕಡೆ ಬ್ರಾಯ್ಲರಿನ ಪ್ರತ್ಯೇಕ ಪ್ರಪಂಚ. ಕಣ್ಣಿಗೆ ಎಲ್ಲವೂ ಒಂದೇ, ಕಂದು ಬಣ್ಣದ ತರಿ ಹಿಟ್ಟು. ವ್ಯತ್ಯಾಸ ಇರುವುದು ಚೀಲಕ್ಕೆ ಹೊಲಿದ ಚೀಟಿಯಲ್ಲಿ, ಅದನ್ನು ಓದುವವರು ಕಡಿಮೆ. ಮರಿಯ ಫೀಡಿನಲ್ಲಿ ಪ್ರೋಟೀನ್ ಶೇಕಡಾ 20ರ ಹತ್ತಿರ, ಕ್ಯಾಲ್ಸಿಯಂ ಶೇಕಡಾ 1. ಲೇಯರಿನಲ್ಲಿ ಪ್ರೋಟೀನ್ 16ರಿಂದ 18ಕ್ಕೆ ಇಳಿಯುತ್ತದೆ, ಕ್ಯಾಲ್ಸಿಯಂ ಮಾತ್ರ ಮೂರೂವರೆ, ನಾಲ್ಕಕ್ಕೆ ಏರುತ್ತದೆ. ಚೀಟಿಯಲ್ಲಿ ಬೇರೆ ಹತ್ತಾರು ಸಾಲುಗಳಿದ್ದರೂ ಹಿತ್ತಲ ಕೋಳಿಯವನು ನೋಡಬೇಕಾದದ್ದು ಈ ಎರಡು ಅಂಕಿ, ಜೊತೆಗೆ ತಯಾರಾದ ತಾರೀಖು.

ಆ ಮೂರೂವರೆ, ನಾಲ್ಕು ಎಲ್ಲಿಂದ ಬಂತು ಎಂದರೆ ಮೊಟ್ಟೆಯ ಚಿಪ್ಪಿನಿಂದ. ಒಂದು ಚಿಪ್ಪು ಸುಮಾರು 5-6 ಗ್ರಾಂ ತೂಗುತ್ತದೆ, ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಸುಣ್ಣದ ಕಲ್ಲಿನ ಅದೇ ಪದಾರ್ಥ. ಅದರೊಳಗೆ ಅಪ್ಪಟ ಕ್ಯಾಲ್ಸಿಯಂ 2 ಗ್ರಾಂ ಚಿಲ್ಲರೆ. ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ, ದಿನವೂ ಮೊಟ್ಟೆ ಇಡುವ ಕೋಳಿಗೆ 4 ಗ್ರಾಂ ಬೇಕು. ಅದು ದಿನಕ್ಕೆ ತಿನ್ನುವ ಫೀಡು 100ರಿಂದ 120 ಗ್ರಾಂ. ಲೆಕ್ಕ ಸರಿಹೋಯಿತು.

ಇಲ್ಲೇ ನಮ್ಮ ರಾಗಿಯ ಅಭಿಮಾನಕ್ಕೆ ಪೆಟ್ಟು ಬೀಳುವುದು. ನಾನು ತುಮಕೂರು ಸೀಮೆಯವನು, ಮುದ್ದೆ ತಿಂದು ಬೆಳೆದವನು. ರಾಗಿಯ ವಿರುದ್ಧ ಮಾತಾಡುವುದು ಹೆತ್ತ ತಾಯಿಯ ಮೇಲೆ ಚಾಡಿ ಹೇಳಿದಷ್ಟೇ ಕಷ್ಟ. ಧಾನ್ಯಗಳಲ್ಲಿ ಅತಿ ಹೆಚ್ಚು ಕ್ಯಾಲ್ಸಿಯಂ ಇರುವುದು ರಾಗಿಯಲ್ಲೇ ಎನ್ನುವುದು ನಿಜ, 100 ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು. ಮನುಷ್ಯರಿಗೆ ಅದು ದೊಡ್ಡದು. ಆದರೆ 4 ಗ್ರಾಂ ಕ್ಯಾಲ್ಸಿಯಮ್ಮನ್ನು ರಾಗಿಯಿಂದಲೇ ಗಿಟ್ಟಿಸಬೇಕೆಂದರೆ ಒಂದೂವರೆ ಕೆಜಿ ತೂಗುವ ಕೋಳಿ ದಿನಕ್ಕೆ ಒಂದು ಕೆಜಿಗಿಂತ ಹೆಚ್ಚು ರಾಗಿ ತಿನ್ನಬೇಕು. ಸುಣ್ಣದ ತಿಳಿಯ ಕತೆಯೂ ಇದೇ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಕರಗುವುದು ಹೆಚ್ಚೆಂದರೆ ಒಂದೂವರೆ ಗ್ರಾಂ ಆಸುಪಾಸು. ಕೋಳಿ ಕುಡಿಯುವುದು ಕಾಲು ಲೀಟರ್. ಸಿಕ್ಕಿದ್ದು ಚಿಟಿಕೆ, ಅದರ ಮೇಲೆ ನೀರು ಒಗರಾಗಿದೆಯೆಂದು ಕುಡಿಯುವುದನ್ನೇ ಕಡಿಮೆ ಮಾಡಿದರೆ ಇದ್ದದ್ದೂ ಹೋಯಿತು.

ಚಿಪ್ಪು ಕಟ್ಟುವ ಕೆಲಸ ನಡೆಯುವ ಹೊತ್ತು ಇನ್ನೂ ಸ್ವಾರಸ್ಯದ್ದು. ಒಂದು ಮೊಟ್ಟೆ ತಯಾರಾಗಲು 25 ಗಂಟೆ ಹಿಡಿಯುತ್ತದೆ. ಅದರಲ್ಲಿ 20 ಗಂಟೆ ಅದು ಚಿಪ್ಪಿನ ಕೋಣೆಯಲ್ಲೇ ಕೂತಿರುತ್ತದೆ, ಅದರ ದೊಡ್ಡ ಪಾಲು ರಾತ್ರಿ. ಅಂದರೆ ಸುಣ್ಣ ಬೇಕಾದ ಹೊತ್ತಿಗೆ ಕೋಳಿ ಗೂಡಿನ ಅಡ್ಡಗೋಲಿನ ಮೇಲೆ ಕಣ್ಣುಮುಚ್ಚಿ ಕೂತಿದೆ, ಬಾಯಿಗೆ ಏನೂ ಬೀಳುತ್ತಿಲ್ಲ. ಹಿಟ್ಟಿನಷ್ಟು ನುಣ್ಣಗಿರುವ ಸುಣ್ಣದ ಪುಡಿ ಸಂಜೆಯೊಳಗೇ ಕರಗಿ ಮುಗಿದಿರುತ್ತದೆ. ಕಡಲೆಬೇಳೆ ಗಾತ್ರದ ಕಪ್ಪೆಚಿಪ್ಪಿನ ಚೂರಾದರೆ ಕಂದನಕಾಯಿಯಲ್ಲಿ ಉಳಿದು ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಕರಗುತ್ತದೆ. ಅದೂ ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದ ತೆಗೆಯುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಹಕ್ಕಿಗಳ ಕಾಲಿನ ಮೂಳೆಯೊಳಗೆ ಇದಕ್ಕೆಂದೇ ಒಂದು ಹಗುರ ಮೂಳೆ ಬೆಳೆದುಕೊಳ್ಳುತ್ತದೆ. ಗಂಡಿನಲ್ಲಿ ಇದು ಇರುವುದಿಲ್ಲ. 2005ರಲ್ಲಿ ಮೇರಿ ಶ್ವೈಟ್ಸರ್ ಎಂಬ ಅಮೆರಿಕದ ವಿಜ್ಞಾನಿ ಮೊಂಟಾನಾದಲ್ಲಿ ಸಿಕ್ಕ ಡೈನೊಸಾರ್ ಟಿರನೊಸಾರಸ್ ರೆಕ್ಸ್‌ನ ತೊಡೆಮೂಳೆಯಲ್ಲಿ ಇಂಥದೇ ಪದರವನ್ನು ಗುರುತಿಸಿ, ಇದು ಹೆಣ್ಣು, ಮೊಟ್ಟೆಯ ಕಾಲದಲ್ಲಿ ಸತ್ತದ್ದು ಎಂದು ವಾದಿಸಿದರು. ನಮ್ಮ ಹ್ಯಾಟೆ ಕೆಂಪಿ ಕಲ್ಲುಚಪ್ಪಡಿಯ ಮೇಲೆ ನಿಂತು ಒಂದು ಕಣ್ಣಿನಿಂದ ನನ್ನನ್ನು ಅಳೆಯುವ ರೀತಿ ನೋಡಿದರೆ ಆ ನೆಂಟಸ್ತಿಕೆಯ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ.

ಮೂಳೆಯ ಸಾಲ ಎಷ್ಟು ದಿನ ನಡೆದೀತು? ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ತೊಗಲುಮೊಟ್ಟೆ ಬೀಳುತ್ತದೆ. ಕೈಗೆತ್ತಿಕೊಂಡರೆ ಮೆತ್ತಗೆ, ಬೆಚ್ಚಗೆ, ಬೆರಳೂರಿದಲ್ಲಿ ಗುಳಿ. ಒಡೆದ ಮೊಟ್ಟೆಯ ರುಚಿ ಒಮ್ಮೆ ಹತ್ತಿದ ಕೋಳಿ ತನ್ನ ಮೊಟ್ಟೆಯನ್ನು ತಾನೇ ಕುಕ್ಕಿ ಕುಡಿಯಲು ಕಲಿಯುತ್ತದೆ. ಕಲಿತ ಆ ಚಾಳಿ ಬಿಡಿಸುವುದು ಕುಡುಕನಿಗೆ ಆಣೆ ಹಾಕಿಸುವುದಕ್ಕಿಂತ ಕಷ್ಟ.

ಆದ್ದರಿಂದ ನಾನು ಹೇಳುವುದು ಇಷ್ಟು: ಕಪ್ಪೆಚಿಪ್ಪಿನ ಚೂರನ್ನು ಮೇವಿಗೆ ಬೆರೆಸಬೇಡಿ. ಬೇರೆ ಬಟ್ಟಲಲ್ಲಿ ಇಡಿ, ಸಂಜೆ ನೋಡಿ. ನಮ್ಮಲ್ಲಿ ಹಳೆಯ ಸ್ಟೀಲ್ ಡಬರಿಯೊಂದು ಗೂಡಿನ ಬಾಗಿಲ ಪಕ್ಕದಲ್ಲಿ ಈ ಕೆಲಸಕ್ಕೇ ಇದೆ. ಬೆಳಗ್ಗೆಯೆಲ್ಲ ಅದರ ಪಕ್ಕ ಓಡಾಡಿದರೂ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನಾಲ್ಕೂವರೆ ಐದಾಯಿತೆಂದರೆ ನಾಳೆ ಮೊಟ್ಟೆ ಇಡಲಿರುವವಳು ಬರುತ್ತಾಳೆ. ತಲೆ ಓರೆ ಮಾಡಿ ಡಬರಿಯೊಳಗೆ ಇಣುಕುತ್ತಾಳೆ. ಒಂದು ಚೂರು ಎತ್ತಿ, ಕೊಕ್ಕಿನಲ್ಲೇ ಹೊರಳಿಸಿ, ಬೇಡವೆಂದು ಕೆಳಗೆ ಹಾಕುತ್ತಾಳೆ. ಇನ್ನೊಂದು ಎತ್ತುತ್ತಾಳೆ. ಸರಿಕಂಡ ಚೂರನ್ನು ಕತ್ತು ಚಾಚಿ ನುಂಗಿ, ಟಕ್ ಟಕ್ ಸದ್ದು ಮಾಡುತ್ತ ಐದಾರು ಚೂರು ಮುಗಿಸಿ ಹೊರಟುಹೋಗುತ್ತಾಳೆ. ಹುಂಜ ಹತ್ತಿರ ಬಂದು ಒಮ್ಮೆ ಕುಕ್ಕಿ ನೋಡಿ, ಇದೇನು ಮಣ್ಣು ಎಂಬ ಮುಖ ಮಾಡಿ ಹೋಗುತ್ತಾನೆ. ಮೊಟ್ಟೆ ನಿಲ್ಲಿಸಿದ ಹ್ಯಾಟೆಯೂ ಅಷ್ಟೇ, ಮುಟ್ಟುವುದಿಲ್ಲ. ಕ್ಯಾಲ್ಸಿಯಮ್ಮಿಗೆ ಹಸಿವು ಎನ್ನುವುದು ಕೋಳಿಗೆ ಬೇರೆಯೇ ಇದೆ, ಅದು ಮೊಟ್ಟೆ ಚಿಪ್ಪು ಕಟ್ಟಿಕೊಳ್ಳುವ ದಿನ ಸಂಜೆ ಏಳುತ್ತದೆ. ಇದನ್ನು ಕೋಳಿಯನ್ನೇ ಕೇಳಬೇಕು. ನಾವು ಚಮಚದಲ್ಲಿ ಅಳೆದರೆ ಕೆಡುತ್ತದೆ.

ಕರಾವಳಿಯವರಿಗೆ ಇದು ಅಡುಗೆಮನೆಯ ಕಸ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಆಯ್ದು ತಿನ್ನುವವರ ಮನೆ ಹಿಂದೆ ಚಿಪ್ಪಿನ ಗುಡ್ಡೆಯೇ ಇರುತ್ತದೆ, ಸುತ್ತಿಗೆಯಿಂದ ಕುಟ್ಟಿಕೊಂಡರಾಯಿತು. ಒಳನಾಡಿನ ನಮಗೆ ಅಂಗಡಿಯಲ್ಲಿ ಶೆಲ್ ಗ್ರಿಟ್ ಎಂದು ಕೆಜಿ ಲೆಕ್ಕದಲ್ಲಿ ಸಿಗುತ್ತದೆ, ಅಗ್ಗ. ತಿಂದ ಮೊಟ್ಟೆಯ ಚಿಪ್ಪನ್ನೇ ಬಿಸಿಲಿಗೆ ಒಣಗಿಸಿ ಪುಡಿಮಾಡಿ ಕೊಟ್ಟರೂ ನಡೆಯುತ್ತದೆ; ಅರ್ಧ ಚಿಪ್ಪನ್ನು ಹಾಗೆಯೇ ಎಸೆಯಬಾರದು, ಅದು ಮೊಟ್ಟೆ ಎಂಬ ಗುರುತು ಅವಕ್ಕೆ ಹತ್ತಬಾರದು ಅಷ್ಟೆ. ಹರಳುಕಲ್ಲು ಬೇರೆ, ಚಿಪ್ಪು ಬೇರೆ. ಹಲ್ಲಿಲ್ಲದ ಕೋಳಿ ಕಾಳನ್ನು ಅರೆಯುವುದು ಕಂದನಕಾಯಿಯೊಳಗಿನ ಕಲ್ಲಿನಿಂದ. ಮಣ್ಣಿನಲ್ಲಿ ಓಡಾಡುವ ಕೋಳಿಗೆ ಅದನ್ನು ನಾವು ಹುಡುಕಿಕೊಡಬೇಕಾಗಿಲ್ಲ. ತಾರಸಿಯ ಮೇಲೆ ಸಾಕುವ ಬೆಂಗಳೂರಿನವರು ಮಾತ್ರ ಒಂದು ಹಿಡಿ ದಪ್ಪ ಮರಳು ಇಡಬೇಕು.

ಚಿಪ್ಪು ಬೇರೆ ಇಟ್ಟರೆ ಇನ್ನೊಂದು ಸಂಕಟವೂ ತಪ್ಪುತ್ತದೆ. ಫಾರಮ್ಮಿನಲ್ಲಿ ಎಲ್ಲ ಕೋಳಿಗೂ ಒಂದೇ ವಯಸ್ಸು, ಒಂದೇ ಉದ್ಯೋಗ. ಹಿತ್ತಲು ಹಾಗಲ್ಲ, ಅದೊಂದು ಕೂಡುಕುಟುಂಬ. ಮೊಟ್ಟೆ ಇಡುವ ಸ್ವರ್ಣಧಾರ ತಳಿಯ ಕೋಳಿ, ಕಾವು ಮುಗಿಸಿದ ನಾಟಿ ಹ್ಯಾಟೆ, ಅದರ ಕಾಲಸಂದಿಯಲ್ಲಿ ಮರಿಗಳು, ಯಜಮಾನಿಕೆಗೆ ಒಂದು ಹುಂಜ, ಎಲ್ಲರಿಗೂ ಒಂದೇ ತಟ್ಟೆ. ಅದಕ್ಕೆ ಲೇಯರ್ ಫೀಡ್ ಸುರಿದರೆ ಅದರ ಸುಣ್ಣ ಮರಿಗಳ ಮೂತ್ರಪಿಂಡ ಹಾಳುಮಾಡುತ್ತದೆ. ಹುಂಜನಿಗೂ ಅಷ್ಟು ಸುಣ್ಣದಿಂದ ಆಗಬೇಕಾದ್ದೇನೂ ಇಲ್ಲ. ಇಂಥ ಮನೆಯಲ್ಲಿ ಎಲ್ಲರಿಗೂ ಗ್ರೋವರ್ ಫೀಡ್ ಹಾಕಿ, ಮರಿಗಳಿಗೆ ದೊಡ್ಡವು ತೂರಲಾಗದ ಬುಟ್ಟಿಯ ಕೆಳಗೆ ಸ್ಟಾರ್ಟರ್ ಇಟ್ಟು, ಚಿಪ್ಪಿನ ಡಬರಿಯನ್ನು ಬೇಕಾದವರಿಗೆ ಬಿಡುವುದು ಉತ್ತಮ. ಲೇಯರ್ ಚೀಲವೇ ಬೇಡ. ಅಂಗಡಿಯವನು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾದ್ದೂ ಇಲ್ಲ.

ಯಾವ ಕೋಳಿ ಎನ್ನುವುದೂ ಮುಖ್ಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಹೊರಬಂದ ಗಿರಿರಾಜ, ಅದಾದ ಮೇಲೆ 2005ರಲ್ಲಿ ಬಂದ ಸ್ವರ್ಣಧಾರ, ಇವು ನಮ್ಮ ಹಿತ್ತಲುಗಳ ಲೆಕ್ಕವನ್ನೇ ಬದಲಿಸಿದ ತಳಿಗಳು. ಸ್ವರ್ಣಧಾರ ವರ್ಷಕ್ಕೆ 180ರ ಹತ್ತಿರ ಮೊಟ್ಟೆ ಇಡುತ್ತದೆ. ಅಪ್ಪಟ ನಾಟಿ 60-70 ಇಟ್ಟು ಉಳಿದ ಕಾಲ ಕಾವು, ಮರಿ, ಜಗಳಗಳಲ್ಲಿ ಕಳೆಯುತ್ತದೆ. ಫಾರಮ್ಮಿನ ಬಿಳಿ ಕೋಳಿ 300 ದಾಟುತ್ತದೆ. ಅಜ್ಜಿ ಕೋಳಿಗೆ ಏನೂ ಹಾಕುತ್ತಿರಲಿಲ್ಲ, ಆದರೂ ಮೊಟ್ಟೆ ಇಡುತ್ತಿರಲಿಲ್ಲವೇ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅಜ್ಜಿಯ ಕೋಳಿ ಆರು ದಿನಕ್ಕೆ ಒಂದರ ಸರಾಸರಿಯಲ್ಲಿ ಇಡುತ್ತಿತ್ತು, ಕಣದಲ್ಲೂ ತಿಪ್ಪೆಯಲ್ಲೂ ಬೇಲಿಸಾಲಲ್ಲೂ ಬೇಕಾದ್ದನ್ನು ತಾನೇ ದುಡಿದುಕೊಳ್ಳುತ್ತಿತ್ತು. ಮೂವತ್ತು ನಲವತ್ತರ ಸೈಟಿನಲ್ಲಿ ಕಾಂಪೌಂಡು ಕಟ್ಟಿ, ಇಂಟರ್‌ಲಾಕ್ ಹಾಸಿ, ಸ್ವರ್ಣಧಾರ ತಂದು, ಅಜ್ಜಿಯ ನ್ಯಾಯ ಹೇಳಿದರೆ ಆಗದು.

ಇನ್ನು ಕೋಳಿಯನ್ನು ಕೇಳಬಾರದ ವಿಷಯ. ಕಾಳು ಕಂಡರೆ ಅದು ಬೇರೆಲ್ಲ ಮರೆಯುತ್ತದೆ. ಮೆಕ್ಕೆಜೋಳದ ನುಚ್ಚು, ಅಕ್ಕಿನುಚ್ಚು, ರಾಗಿ ಇವನ್ನು ಫೀಡಿನ ಪಕ್ಕದಲ್ಲಿ ಇಟ್ಟು ಆರಿಸಿಕೋ ಎಂದರೆ ಮೊದಲು ಖಾಲಿಯಾಗುವುದು ಕಾಳಿನ ತಟ್ಟೆ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇಕಡಾ 8-9, ರಾಗಿಯಲ್ಲಿ ಏಳು. ಹೊಟ್ಟೆ ತುಂಬುತ್ತದೆ, ಮೊಟ್ಟೆ ತುಂಬುವುದಿಲ್ಲ. ಉಳಿದ ಪಿಷ್ಟವೆಲ್ಲ ಕೊಬ್ಬಾಗಿ ಹೊಟ್ಟೆಯೊಳಗೆ, ಈಲಿಯ ಸುತ್ತ ಕೂರುತ್ತದೆ. ಈಸೋಪನ ಕತೆಗಳಲ್ಲಿ ಒಬ್ಬ ಹೆಂಗಸು ದಿನಕ್ಕೆರಡು ಮೊಟ್ಟೆಯ ಆಸೆಗೆ ಕೋಳಿಗೆ ಎರಡು ಪಾಲು ಕಾಳು ಹಾಕಿ, ಅದು ಕೊಬ್ಬಿ ಇಡುವುದನ್ನೇ ನಿಲ್ಲಿಸಿದ್ದು ಬರುತ್ತದೆ. ಕೋಳಿಸಾಕಣೆಯ ಪಠ್ಯದಲ್ಲಿ ಈ ಕತೆಯನ್ನು ಸೇರಿಸಬಹುದು, ಒಂದಕ್ಷರ ಬದಲಿಸಬೇಕಾಗಿಲ್ಲ. ಹಾಗೆಂದು ಸಂಜೆ ಬಾ ಬಾ ಎಂದು ಕರೆದು ಎರಡು ಹಿಡಿ ಜೋಳ ಎಸೆಯುವ ಸುಖವನ್ನು ಬಿಡಿ ಎನ್ನುವಷ್ಟು ಕಟುಕ ನಾನಲ್ಲ. ಗೂಡಿಗೆ ಕರೆದುಕೊಳ್ಳುವ ಉಪಾಯವೂ ಅದೇ ತಾನೆ. ಫೀಡಿನ ಹತ್ತರಲ್ಲೊಂದು ಪಾಲು ಮೀರದಿದ್ದರೆ ಸಾಕು.

ಪ್ರೋಟೀನಿಗೆ ಮನೆಯಲ್ಲೇ ದಾರಿ ಮಾಡಿಕೊಳ್ಳುವವರು ಮೊದಲು ಕೈಹಾಕುವುದು ಕಡಲೆಕಾಯಿ ಹಿಂಡಿಗೆ. ಚಳ್ಳಕೆರೆ, ಪಾವಗಡದ ಕಡೆಯವರಿಗೆ ಅದು ಕೈಗೆಟಕುವ ವಸ್ತು, ಶೇಕಡಾ 40ಕ್ಕೂ ಮೇಲೆ ಪ್ರೋಟೀನ್. ಅದರ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಹಿಂಡಿಯ ಮೇಲೆ ಹಸಿರು-ಹಳದಿ ಬೂಷ್ಟು ಹಿಡಿದರೆ ಅದನ್ನು ಒರೆಸಿ ಹಾಕುವ ಉಳಿತಾಯ ಬುದ್ಧಿ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದರೆ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅಫ್ಲಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಅದು ಈಲಿಯನ್ನು ಹಿಡಿಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಚೀಲದ ಫೀಡಿಗೂ ಇದೇ ಭಯ ಇರುವುದರಿಂದ ಮಲೆನಾಡಿನವರು ಆಷಾಢದಲ್ಲಿ 50 ಕೆಜಿ ಚೀಲ ತಂದಿಟ್ಟುಕೊಳ್ಳುವ ಬದಲು ತಿಂಗಳೊಳಗೆ ಮುಗಿಯುವಷ್ಟು ತಂದು, ನೆಲದಿಂದ ಎತ್ತರಕ್ಕೆ, ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡುವುದು ಲೇಸು. ಡ್ರಮ್ಮು ತೆರೆದಾಗ ಮೂಗು ಹೇಳುವ ಮಾತನ್ನು ನಂಬಿ.

ರೇಷ್ಮೆ ಸೀಮೆಯಲ್ಲಿ ಇನ್ನೊಂದು ನಿಧಿಯಿದೆ. ರಾಮನಗರ, ಶಿಡ್ಲಘಟ್ಟದ ಕಡೆ ನೂಲು ಬಿಚ್ಚಿದ ಮೇಲೆ ಉಳಿಯುವ ಗೂಡಿನೊಳಗಿನ ಹುಳು. ಒಣಗಿಸಿದರೆ ಅರ್ಧಕ್ಕೂ ಹೆಚ್ಚು ಪ್ರೋಟೀನೇ. ಆದರೆ ನೂಲು ಬಿಚ್ಚಾಣಿಕೆಯ ಬೀದಿಯಲ್ಲಿ ಒಮ್ಮೆ ನಡೆದವರಿಗೆ ಆ ವಾಸನೆಯ ಪರಿಚಯ ಇರುತ್ತದೆ. ಹೆಚ್ಚು ಹಾಕಿದರೆ ಅದೇ ಗಮಲು ಆಮ್ಲೆಟ್ಟಿನಲ್ಲಿ ಬಂದು ಕೂರುತ್ತದೆ. ಒಣಮೀನಿಗೂ ಇದೇ ಮಾತು, ಜೊತೆಗೆ ಉಪ್ಪಿನ ಅಪಾಯ ಬೇರೆ. ಉಪ್ಪು ಹೆಚ್ಚಾದರೆ ಕೋಳಿ ಸಾಯುತ್ತದೆ. ನಮ್ಮೂರಲ್ಲಿ ಮರಿಗಳಿಗೆ ಗೆದ್ದಲು ತರುವ ಪದ್ಧತಿಯಿತ್ತು. ಒಡೆದ ಮಡಕೆಗೆ ಹಸಿ ಸಗಣಿ, ಹುಲ್ಲು ತುಂಬಿ ಸಂಜೆ ಹುತ್ತದ ಪಕ್ಕ ಬೋರಲು ಹಾಕುವುದು, ಬೆಳಗ್ಗೆ ತಂದು ಅಂಗಳದಲ್ಲಿ ಕೊಡವುವುದು. ಮರಿಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. ಕಾಸಿಲ್ಲದ ಸ್ಟಾರ್ಟರ್ ಅದು, ಇವತ್ತಿಗೂ ಅದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಅನ್ನ ಉಳಿಯುತ್ತೆ, ಕೋಳಿಗೆ ಹಾಕ್ತೀವಿ ಎನ್ನುವವರಿಗೆ ನಾನು ಜಾವಾದ ಕತೆ ಹೇಳುತ್ತೇನೆ. ಈಗಿನ ಜಕಾರ್ತ ಆಗ ಬಟಾವಿಯ, ಡಚ್ಚರ ಆಳ್ವಿಕೆ. ಬೆರಿಬೆರಿ ಎಂಬ ರೋಗದಿಂದ ಸಿಪಾಯಿಗಳು ಕಾಲು ಸೋತು ಬೀಳುತ್ತಿದ್ದರು. ಅದರ ಸೂಕ್ಷ್ಮಜೀವಿಯನ್ನು ಹಿಡಿದೇ ತೀರುತ್ತೇನೆಂದು ಕ್ರಿಶ್ಚಿಯಾನ್ ಐಕ್‌ಮನ್ ಎಂಬ ವೈದ್ಯ ಮಿಲಿಟರಿ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೂತಿದ್ದ. 1890ರ ಸುಮಾರಿಗೆ ಅವನ ಪ್ರಯೋಗದ ಕೋಳಿಗಳೇ ಕಾಲು ಸೋತು ತೂರಾಡತೊಡಗಿದವು; ರೋಗ ಚುಚ್ಚಿದವೂ, ಚುಚ್ಚದವೂ. ಕೆಲವು ತಿಂಗಳ ಮೇಲೆ ಉಳಿದವು ಔಷಧಿಯಿಲ್ಲದೆ ತಾವಾಗಿ ಸರಿಹೋದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕೋಳಿ ನೋಡಿಕೊಳ್ಳುವವನು ಆಸ್ಪತ್ರೆಯ ಅಡುಗೆಮನೆಯಿಂದ ಉಳಿದ ಬಿಳಿ ಅನ್ನ ತಂದು ಹಾಕುತ್ತಿದ್ದ. ಅಡುಗೆಯವನು ಬದಲಾದ. ಹೊಸಬ ಖಡಕ್ ಮನುಷ್ಯ, ಮಿಲಿಟರಿಯ ಅಕ್ಕಿ ಸಿವಿಲಿಯನ್ ಕೋಳಿಗಳಿಗೆ ಸಲ್ಲದು ಎಂದು ನಿಲ್ಲಿಸಿಬಿಟ್ಟ. ಬೇರೆ ದಾರಿಯಿಲ್ಲದೆ ಪಾಲಿಷ್ ಮಾಡದ ಅಗ್ಗದ ಅಕ್ಕಿ ತಂದು ಹಾಕಿದರು, ಕೋಳಿಗಳು ಎದ್ದು ನಿಂತವು. ಅಕ್ಕಿಯ ಮೇಲಿನ ತೌಡಿನ ಪದರದಲ್ಲಿದ್ದದ್ದು ನಾವೀಗ ಬಿ1 ಎನ್ನುವ ವಿಟಮಿನ್. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಆ ಅಡುಗೆಯವನಿಗೆ ಏನೂ ಬರಲಿಲ್ಲ. ನಮ್ಮ ಯಾವುದೇ ಕಚೇರಿಯಲ್ಲಿ ಇಂಥವರು ಒಬ್ಬೊಬ್ಬರು ಇದ್ದೇ ಇರುತ್ತಾರೆ. ನಿಯಮಕ್ಕೆ ಅಂಟಿಕೊಂಡವನಿಂದ ಲೋಕಕ್ಕೆ ಉಪಕಾರವಾದ ಉದಾಹರಣೆ ನನಗೆ ಗೊತ್ತಿರುವುದು ಇದೊಂದೇ.

ಆದ್ದರಿಂದ ಅನ್ನ ಹಾಕಿ, ಬೇಡ ಎನ್ನಲಾರೆ, ಒಂದು ಹಿಡಿ ತೌಡು ಕಲಸಿ ಹಾಕಿ. ಅನ್ನವೇ ಊಟವಾಗದಿರಲಿ.

ಅಜೋಲ್ಲದ ವಿಷಯ ಹೇಳದಿದ್ದರೆ ವೀಡಿಯೊ ಕಳಿಸಿದವರಿಗೆ ಬೇಸರವಾಗುತ್ತದೆ. ನೀಲಿ ಟಾರ್ಪಾಲಿನ ತೊಟ್ಟಿಯಲ್ಲಿ ತೇಲುವ ಈ ಪುಟ್ಟ ಜರಿಗಿಡದಲ್ಲಿ ಶೇಕಡಾ 20-25 ಪ್ರೋಟೀನ್ ಇದೆ ಎನ್ನುವುದು ಸುಳ್ಳಲ್ಲ, ಒಣಗಿಸಿ ತೂಗಿದರೆ. ಹಸಿ ಅಜೋಲ್ಲದ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರೇ. ಫೀಡ್ ನಿಲ್ಲಿಸಿ ಅಜೋಲ್ಲದಲ್ಲೇ ಮೊಟ್ಟೆ ಇಡಿಸುತ್ತೇನೆ ಎನ್ನುವವರು ನೀರನ್ನು ತೂಕಕ್ಕೆ ಹಾಕಿ ಮಾರುವವರ ಜಾತಿಗೆ ಸೇರಿದವರು. ಕೋಳಿಗೆ ಖುಷಿಯೇನೋ ಹೌದು, ನಮ್ಮವು ತೊಟ್ಟಿಯ ಅಂಚಿಗೆ ಹತ್ತಿ ನಿಲ್ಲುತ್ತವೆ. ನುಗ್ಗೆಸೊಪ್ಪು, ದಂಟು, ಅಣ್ಣೆಸೊಪ್ಪು, ಹೂಕೋಸಿನ ಎಲೆ ಇವೆಲ್ಲ ಮಾಡುವುದನ್ನೇ ಅದೂ ಮಾಡುತ್ತದೆ: ಮೊಟ್ಟೆಯ ಭಂಡಾರದ, ಅಂದರೆ ಒಳಗಿನ ಹಳದಿಯ, ಬಣ್ಣ ಏರಿಸುತ್ತದೆ.

ಈ ಭಂಡಾರದ ಬಣ್ಣದ ಮೇಲೆ ನಮ್ಮ ಜನಕ್ಕಿರುವ ಭಕ್ತಿ ದೊಡ್ಡದು. ಕೇಸರಿ ಬಣ್ಣ ಕಂಡರೆ ನಾಟಿ, ತಿಳಿಹಳದಿ ಕಂಡರೆ ಫಾರಮ್ಮು ಎಂದು ತೀರ್ಪು. ಸೊಪ್ಪಿನ, ಮೆಕ್ಕೆಜೋಳದ ಹಳದಿ ಬಣ್ಣವೇ ಅಲ್ಲಿ ಬಂದು ಕೂತದ್ದು. ಪ್ರೋಟೀನಿಗೂ ಅದಕ್ಕೂ ಸಂಬಂಧವಿಲ್ಲ. ಗುಂಡ್ಲುಪೇಟೆಯಲ್ಲಿ ರಸ್ತೆಯ ಎರಡೂ ಬದಿ ಚೆಂಡುಹೂವು ಅರಳಿದಾಗ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರಲ್ಲಿ ಬಹಳ ಮಂದಿಗೆ ಅದು ಹೂವಿನ ಹಾರಕ್ಕಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ ಎಂದು ಗೊತ್ತಿರಲಾರದು. ಆ ಬಣ್ಣದ ಒಂದು ಪಾಲು ದೇಶವಿದೇಶದ ಕೋಳಿ ಫೀಡಿಗೆ ಸೇರುತ್ತದೆ. ಭಂಡಾರದ ಬಣ್ಣ ಅಳೆಯಲು ರೋಶ್ ಕಂಪನಿ 1ರಿಂದ 15ರವರೆಗೆ ನಂಬರಿದ್ದ ಬಣ್ಣದ ಪಟ್ಟಿಯನ್ನೇ ಮಾಡಿತ್ತು. ಬೇಕಾದ ನಂಬರಿನ ಕೇಸರಿ ಬೇಕಾದಷ್ಟು ಸಿಗುತ್ತದೆ. ದಸರಾ ಮುಗಿದ ಮೇಲೆ ಬಾಗಿಲಿನಿಂದ ಇಳಿಸಿದ ಚೆಂಡುಹೂವಿನ ಎಸಳನ್ನು, ಔಷಧಿ ಹೊಡೆದದ್ದಲ್ಲ ಎಂದು ಗೊತ್ತಿದ್ದರೆ, ಕೋಳಿಗೆ ಹಾಕಿ ನೋಡಿ. ದೀಪಾವಳಿಯ ಹೊತ್ತಿಗೆ ನಿಮ್ಮ ಮೊಟ್ಟೆಯೂ ಅಪ್ಪಟ ನಾಟಿ ಎನಿಸಿಕೊಳ್ಳುತ್ತದೆ.

ಬಾಟಲಿಗಳ ವಿಷಯದಲ್ಲಿ ನಾನು ಸ್ವಲ್ಪ ಒರಟ. ಲಿವರ್ ಟಾನಿಕ್, ಕ್ಯಾಲ್ಸಿಯಂ ದ್ರಾವಣ, ಬಿ ಕಾಂಪ್ಲೆಕ್ಸ್, ಮೊಟ್ಟೆ ಹೆಚ್ಚಿಸುವ ಪುಡಿ ಇವೆಲ್ಲ ಸಾಲಾಗಿ ಪಶು ಔಷಧಿ ಅಂಗಡಿಯ ಕಪಾಟಿನಲ್ಲಿ ನಿಂತಿರುತ್ತವೆ, ಒಂದೊಂದರ ಮೇಲೂ ಎದೆಯುಬ್ಬಿಸಿದ ಹುಂಜದ ಚಿತ್ರ. ಮೊಟ್ಟೆಯ ಟಾನಿಕ್ಕಿಗೆ ಹುಂಜದ ಚಿತ್ರ ಹಾಕುವವರನ್ನು ನಂಬುವುದು ಹೇಗೆ? ಚೀಲದ ಫೀಡಿನಲ್ಲಿ ವಿಟಮಿನ್ನು ಖನಿಜ ಬೆರೆತೇ ಇರುತ್ತವೆ. ವಿಟಮಿನ್ ಡಿಯನ್ನು ಬಿಸಿಲಲ್ಲಿ ಓಡಾಡುವ ಕೋಳಿಯ ಬರಿಗಾಲಿನ ಚರ್ಮವೇ ತಯಾರಿಸಿಕೊಳ್ಳುತ್ತದೆ. ಕಾಯಿಲೆಯಿಂದ ಎದ್ದ ಕೋಳಿಗೆ ಎರಡು ದಿನ ಬಿ ಕಾಂಪ್ಲೆಕ್ಸ್ ಹನಿಸಿದರೆ ತಕರಾರಿಲ್ಲ. ದಿನವೂ ಹಾಕಿದರೆ ಪುಷ್ಟಿಯಾಗುವುದು ಹಿಕ್ಕೆ ಬೀಳುವ ಕರಿಬೇವಿನ ಗಿಡ. ಆಂಟಿಬಯೋಟಿಕ್ ಬೆರೆಸಿದ ಪುಡಿಗಳ ಬಗ್ಗೆ ಮಾತ್ರ ತಮಾಷೆ ಸಲ್ಲದು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಅನ್ನು ಕೋಳಿಗಳನ್ನು ಬೇಗ ಬೆಳೆಸಲು ಫೀಡಿನಲ್ಲಿ ಬಳಸುತ್ತಿದ್ದರು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ನಿಷೇಧಿಸಿತು. ಪುಡಿ ಯಾವುದೇ ಇರಲಿ, ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದದೆ ತರಬಾರದು.

ಮೊಟ್ಟೆ ನಿಂತಾಗಲೇ ಬಾಟಲಿಯ ಆಸೆ ಹುಟ್ಟುವುದು. ನಿಲ್ಲಲು ಮೇವಿಗೆ ಸಂಬಂಧವಿಲ್ಲದ ಕಾರಣಗಳು ಬೇಕಾದಷ್ಟಿವೆ. ಮೊಟ್ಟೆಗೆ ಬೆಳಕು ಬೇಕು, 14 ಗಂಟೆಯಾದರೆ ಒಳ್ಳೆಯದು. ನಮ್ಮಲ್ಲಿ ಜೂನಿನಲ್ಲಿ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ, ಡಿಸೆಂಬರಿನಲ್ಲಿ ಹನ್ನೊಂದೂ ಕಾಲು ದಾಟಿ ಸ್ವಲ್ಪ. ವರ್ಷಕ್ಕೊಮ್ಮೆ ಪುಕ್ಕ ಉದುರುವ ಕಾಲ ಬರುತ್ತದೆ. ಅಂಗಳದ ತುಂಬ ಪುಕ್ಕ, ಕತ್ತು ಬೋಳು, ಬಾಲವಿಲ್ಲ, ಜಗುಲಿ ಮೂಲೆಯಲ್ಲಿ ಮುದುಡಿ ಕೂತ ಕೋಳಿಯನ್ನು ನೋಡಿ ಏನೋ ರೋಗ ಬಂತು ಎಂದು ಓಡುತ್ತಾರೆ. ಪುಕ್ಕವೆಂದರೆ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನ್. ಈಗ ಅದಕ್ಕೆ ಬೇಕಾದ್ದು ಕ್ಯಾಲ್ಸಿಯಂ ಅಲ್ಲ. ಒಂದಿಷ್ಟು ಹಿಂಡಿ, ಬೇಯಿಸಿದ ಮೊಟ್ಟೆಯ ಚೂರು, ಹುಳುಹುಪ್ಪಟೆ, ಮತ್ತು ಯಾರೂ ಎತ್ತಿಕೊಳ್ಳದಿರುವುದು. ಎರಡು ಮೂರು ತಿಂಗಳಲ್ಲಿ ಹೊಸ ಸೀರೆ ಉಟ್ಟು ಮತ್ತೆ ಶುರುಮಾಡುತ್ತದೆ.

ಬೇಸಿಗೆಯದು ಬೇರೆ ಲೆಕ್ಕ. ಏಪ್ರಿಲಿನಲ್ಲಿ ಕೊಕ್ಕು ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ಏದುಸಿರು ಬಿಡುವ ಕೋಳಿ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಉಸಿರಿನ ಜೊತೆ ಕಳೆದುಕೊಳ್ಳುತ್ತದೆ. ಚಿಪ್ಪಿನ ಕಾರ್ಬೊನೇಟಿಗೆ ಬಂಡವಾಳ ಅದೇ. ಎಷ್ಟು ಸುಣ್ಣ ತಿಂದರೂ ಆ ದಿನಗಳಲ್ಲಿ ಚಿಪ್ಪು ತೆಳುವೇ. ಫೀಡು ತಿನ್ನುವುದೂ ಕಡಿಮೆಯಾಗುತ್ತದೆ, ನೀರು ಮಾತ್ರ ಎರಡರಷ್ಟು ಕುಡಿಯುತ್ತದೆ. ನೆರಳಲ್ಲಿ ಮಣ್ಣಿನ ಬಾನಿಯಲ್ಲಿ ತಣ್ಣೀರು, ಫೀಡು ಬೆಳಗಿನ ಜಾವಕ್ಕೆ ಮತ್ತು ಬಿಸಿಲಿಳಿದ ಮೇಲೆ. ಮೊಟ್ಟೆಯ ಮುಕ್ಕಾಲು ಪಾಲು ನೀರು ಎನ್ನುವುದನ್ನು ಯಾವ ಟಾನಿಕ್ಕಿನವನೂ ಹೇಳುವುದಿಲ್ಲ, ಅದನ್ನು ಮಾರಲು ಬರುವುದಿಲ್ಲವಲ್ಲ.

ಇಷ್ಟೆಲ್ಲ ಮಾಡಿ ಮೊಟ್ಟೆಗೆ ಎಷ್ಟು ಬೀಳುತ್ತದೆ ಎಂದು ನನ್ನ ಹೆಂಡತಿ ಆಗಾಗ ಕೇಳುವುದುಂಟು. ಅವಳು ಬ್ಯಾಂಕಿನಲ್ಲಿ ಇದ್ದವಳು. ಎರಡು ದಿನಕ್ಕೊಂದು ಇಡುವ ಕೋಳಿಗೆ ಒಂದು ಮೊಟ್ಟೆಯ ಹಿಂದೆ ಕಾಲು ಕೆಜಿ ಫೀಡಿನ ಖರ್ಚಿದೆ, ಗೂಡಿನ ಖರ್ಚು ಬೇರೆ, ಮುಂಗುಸಿ ಒಯ್ದದ್ದರ ನಷ್ಟ ಬೇರೆ. ಅಂಗಡಿಯ ಮೊಟ್ಟೆಗಿಂತ ಅಗ್ಗ ಎಂದು ತೋರಿಸಲು ನಾನು ಒಮ್ಮೆ ಗೊಬ್ಬರದ ಬೆಲೆಯನ್ನೂ ಜಮೆಗೆ ಹಿಡಿದೆ. ಅವಳು ಕಡತ ವಾಪಸ್ ಕಳಿಸಿದಳು.

ಈಗಂತೂ ಲೆಕ್ಕವೇ ಬಂದ್ ಆಗಿದೆ. ನಮ್ಮ ಇನ್ನೊಂದು ಹ್ಯಾಟೆ ಚುಕ್ಕಿ ಕಾವಿಗೆ ಕೂತಿದ್ದಾಳೆ. ಕಾವಿನ 21 ದಿನ ಹ್ಯಾಟೆ ದಿನಕ್ಕೊಮ್ಮೆ ಎದ್ದು, ಹತ್ತಿಪ್ಪತ್ತು ನಿಮಿಷದಲ್ಲಿ ತಿಂದು, ಕುಡಿದು, ಧೂಳಿನಲ್ಲಿ ಹೊರಳಿ ಮತ್ತೆ ಹೋಗಿ ಕೂರುತ್ತದೆ. ಆಗ ಅದಕ್ಕೆ ಲೇಯರ್ ಫೀಡ್ ದಂಡ, ಚಿಪ್ಪು ದಂಡ. ಇಡೀ ಜೋಳದ ಕಾಳು ಮತ್ತು ನೀರು ಸಾಕು. ಇಷ್ಟು ದಿನ ಬೇಡ ಬೇಡವೆಂದು ಕಂಜೂಸಾಗಿ ಅಳೆದು ಹಾಕುತ್ತಿದ್ದ ಮೆಕ್ಕೆಜೋಳವನ್ನು ಈಗ ನಾನೇ ಕೈತುಂಬ ಹಿಡಿದು ನಿಂತರೆ, ಅವಳು ಮೈಯ ಪುಕ್ಕವನ್ನೆಲ್ಲ ನಿಮಿರಿಸಿಕೊಂಡು ನನ್ನ ಹೆಬ್ಬೆರಳಿಗೆ ಕುಕ್ಕುತ್ತಾಳೆ.